ಆಮ್ಲಜನಕ ಯಾಕ ಮೂಲ್ಯಾಗ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ
ಯಾರೋ ಮೆಡಿಕಲ್ ರೆಪ್ ಮಾರಿಹೋಗಿದ್ದ
ಅಂಗೈ ಕಂಪ್ಯೂಟರು. ಎರಡು ಸಾವಿರದ ನಾನೂರಕ್ಕೆ
ಚೌಕಾಸಿ ಮಾಡಿ ತಂದೆ.
ಬೂದುಹಸಿರು ಪರದೆ, ಬೆನ್ನಿಗೊಂದು ಪ್ಲಾಸ್ಟಿಕ್ ಕಡ್ಡಿ,
ಹೊಟ್ಟೆಯೊಳಗೆ ಇಡೀ ಆವರ್ತ ಕೋಷ್ಟಕ.
ಜೋಳದ ಕಾಳಿನಷ್ಟು ಮನೆಗಳು.
ಕಡ್ಡಿ ತಾಗಿಸಿದರೆ ಬಾಗಿಲು ತೆಗೆದು
ತೂಕ, ಸಾಂದ್ರತೆ, ಕುದಿಬಿಂದು ಹೇಳಿ
ಮತ್ತೆ ಮುಚ್ಚಿಕೊಳ್ಳುವವು.

ಗೋಡೆಯ ಮೇಲೇ ಇದೆಯಲ್ಲ ಮೇಡಂ, ಅಂದರು
ಫಿಸಿಕ್ಸಿನ ಹಳ್ಳಿಕೇರಿ ಸರ್,
ಗೆದ್ದಲು ತಿಂದು ಯುರೇನಿಯಂ ಹೋದ ನಕಾಶೆ ತೋರಿಸಿ.

ಪ್ರಶ್ನೆಪತ್ರಿಕೆ ಅಚ್ಚಿಗೆ ಕೊಡಲು
ಗದಗಿನ ಆ ಸಂದಿಗೆ ಹೋದೆ.
ಮುಂದಿನ ಕೋಣೆ ಹಿಡಿದು ಕೂತಿತ್ತು ಆಫ್‌ಸೆಟ್.
ಹಿಂದೆ, ಟ್ರೆಡಲ್ ಪಕ್ಕ, ರಸೀದಿ ಪುಸ್ತಕಗಳ ನಡುವೆ
ಮೌಲಾಸಾಬ ಅಣ್ಣಿಗೇರಿ,
ನಲವತ್ತೊಂದು ವರ್ಷದ ಕಂಪೋಜಿಟರ್.
ಕಣ್ಣಿಗೆ ಸುರ್ಮಾ, ಬೆರಳಿಗೆ ತೊಳೆದರೆ ಹೋಗದ ಕಪ್ಪು.

ಹನ್ನೊಂದನೇ ಪ್ರಶ್ನೆಯಲ್ಲಿ ಸೀಸದ ತೂಕ ತಪ್ಪಿತ್ತು.
ಕಡ್ಡಿ ತಾಗಿಸಿ ನೋಡುತ್ತಿದ್ದೆ.
ಅವರು ಕೈ ಒರೆಸಿಕೊಂಡು ಬಂದು ಇಣುಕಿ,
‘ಇದು ಮೊಳಿಪೆಟ್ಟಿಗಿ ಅಲ್ರೀ ಬಾಯಾರ!’

ಅವರದು ಗೋಡೆಗೆ ಒರಗಿತ್ತು:
ತೇಗದ ಹಲಗೆ, ನೂರಾರು ಗೂಡು,
ಗೂಡಿಗೊಂದು ಅಕ್ಷರ.

‘ಯಾವುದು ಎಲ್ಲಿರಬೇಕಂತ ಯಾರು ಠರಾವ್ ಮಾಡ್ಯಾರ್ರಿ?
ಹೆಚ್ಚು ಬೇಕಾಗೂದು ಕೈ ಹತ್ತರ ಇರಬೇಕು.
ನ, ರ, ದ ನಡುವ. ಞ ಯಾರಿಗೆ ಬೇಕ್ರಿ, ಮ್ಯಾಲ.
ಆಮ್ಲಜನಕ ಯಾಕ ಮೂಲ್ಯಾಗ ಇಟ್ಟಾರ?
ಉಸಿರಾಡವರು ತುದಿಗಾಲ ಮ್ಯಾಲ ನಿಂದರಬೇಕೇನು?’

ನಾನು ಹೊರಕವಚ, ವೇಲೆನ್ಸಿ ಅಂತ ಏನೋ ಹೇಳಿದೆ.
ಒಂದೇ ಗುಣದವರು ಒಂದೇ ಕಂಬಸಾಲು, ಅಂದೆ.
‘ಬೀಗರ ಓಣಿ ಅನ್ರಿ,’ ಅಂದರು.
ಆಮೇಲೆ ಕೆಳಗೆ ಬೇರೆಯೇ ಕೂತ ಎರಡು ಸಾಲಿಗೆ ಬೆರಳಿಟ್ಟು,
ನಾನು ಬಾಯಿ ತೆಗೆಯುವ ಮೊದಲೇ,
‘ಇವು ಒತ್ತಕ್ಷರ. ನಮ್ಮವೂ ಬ್ಯಾರೆ ಪೆಟ್ಟಿಗಿ, ಕೆಳಗ.’

ಹತ್ತೊಂಬತ್ತು ವರ್ಷ ಲ್ಯಾಂಥನೈಡು ಕಲಿಸಿದ್ದೇನೆ.

ಅದರಲ್ಲೊಂದು ಉಷ್ಣತೆಯ ಗೀಟು ಇತ್ತು.
ಕಡ್ಡಿಯಿಂದ ಎಳೆದಂತೆ ಧಾತುಗಳು ಒಂದೊಂದೇ
ಕರಗಿ ಬಣ್ಣಗೆಡುವವು.
ಅವರೇ ಎಳೆದರು, ಮೆಲ್ಲಗೆ, ಒಲೆ ಊದುವವರಂತೆ.
ತವರ ಮೊದಲು. ಮುನ್ನೂರಿಪ್ಪತ್ತೇಳು ದಾಟಿ ಸೀಸ.
‘ಸಣ್ಣಾವಿದ್ದಾಗ ಎರಕದ ಮನ್ಯಾಗ ಇದ್ದೆ.
ನಂಬರ್ ಎಲ್ಲಿದ್ರಿ? ಕಾಗದದ ಚೂರು ಅದ್ದೂದು.
ಕಂದಬೇಕು, ಹೊತ್ತಬಾರದು. ಅಷ್ಟ.’

ಆಂಟಿಮನಿಯ ಬಾಗಿಲು ತೆಗೆಸಿದರು.
‘ಮೊಳಿ ಗಟ್ಟಿ ಆಗೂದು ಇದರಿಂದನ. ಸುರ್ಮಾನೂ ಇದ.’
ಈಗಿನ ಶೀಶೆಗಳಲ್ಲಿ ಬಹುಪಾಲು ಸೀಸವೇ
ಎಂದು ನಾನು ಹೇಳಲಿಲ್ಲ.
ಸೀಸದ ಪುಟದಲ್ಲಿ ಕೆಳಗೆ ‘ವಿಷತ್ವ’ ಎಂಬ ಸಾಲಿತ್ತು.
ಕಡ್ಡಿಯಿಂದ ಪುಟ ಮೇಲೆ ಸರಿಸಿ
ಹೊಟ್ಟೆನೋವು ಬರುತ್ತದಾ, ಎಂದು ಕೇಳಿದೆ ಸುಮ್ಮನೆ.
‘ಬೆಲ್ಲ ತಿಂತೇವಲ್ರಿ,’ ಎಂದು ನಕ್ಕರು.
ಹಲ್ಲಿನ ಬುಡದಲ್ಲಿ ನೀಲಿ ಗೆರೆ.

ಬೇಸಿಗೆ ರಜೆಯಲ್ಲಿ ಬ್ಯಾಟರಿ ಮುಗಿದದ್ದು ಗೊತ್ತಾಗಲಿಲ್ಲ.
ಹೊಸ ಸೆಲ್ ಹಾಕಿದಾಗ ಪರದೆ ನನ್ನ ಹೆಸರು ಕೇಳಿತು,
ಹುಟ್ಟಿದ ಮಗುವಿನಂತೆ.
ಒಂದು ಧಾತುವೂ ಉಳಿದಿರಲಿಲ್ಲ.
ಸಿ.ಡಿ. ಆ ರೆಪ್ ಹತ್ತಿರ, ಆ ರೆಪ್ ಎಲ್ಲೋ.

ಪೆಟ್ಟಿಗೆ ಹೋಗಲು ಇನ್ನೂ ಎರಡು ವರ್ಷ ಹಿಡಿಯಿತು.
ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿದ,
ಅ ಮತ್ತು ಕ್ಷ ಒಂದೇ ಚೀಲದಲ್ಲಿ.
ಮೌಲಾಸಾಬ ಒಂದು ‘ಳ’ ತೆಗೆದು ಕೊಟ್ಟರು.
ಯಾಕೆ ಅದೇ ಎಂದು ಕೇಳಲಿಲ್ಲ.
ಬಹುಶಃ ಕೈಗೆ ಸಿಕ್ಕಿದ್ದು.

ಮೇಜಿನ ಡ್ರಾದಲ್ಲಿ ಎರಡೂ ಇವೆ:
ಸೆಲ್ ಸೋರಿ ಬಿಳಿ ಉಪ್ಪು ಕಟ್ಟಿದ ಯಂತ್ರ,
ತಿರುವುಮುರುವು ನಿಂತ ಅಕ್ಷರ.
ಕೆಲವೊಮ್ಮೆ ಉತ್ತರಪತ್ರಿಕೆ ನೋಡುತ್ತ
ಹೆಬ್ಬೆರಳಿಗೆ ಅದನ್ನು ಒತ್ತಿ ಹಿಡಿಯುತ್ತೇನೆ.
ಚರ್ಮದ ಮೇಲೆ ‘ಳ’ ಸರಿಯಾಗಿ ಮೂಡುತ್ತದೆ,
ಒಂದೆರಡು ನಿಮಿಷ ಓದಬಹುದು.
ಆಮೇಲೆ ಕೈ ತೊಳೆಯುತ್ತೇನೆ.